ಔಷಧ ನಿರೋಧಕ ಕ್ಷಯದಲ್ಲಿ ಟಿ ಕೋಶಗಳನ್ನು ಅಳೆಯುವ ಕೆಲಸ: ನನ್ನ ಅನುಭವ

ಐಸೋನಿಯಾಜಿಡ್ ಮತ್ತು ರಿಫಾಂಪಿಸಿನ್ ಎಂಬ ಮುಖ್ಯ ಔಷಧಗಳೆರಡಕ್ಕೂ ಬಗ್ಗದ ಕ್ಷಯವನ್ನು ಎಂಡಿಆರ್ ಟಿಬಿ ಎನ್ನುತ್ತೇವೆ. ಅಂಥ ರೋಗಿಗಳ ರಕ್ತದಲ್ಲಿ ರೋಗನಿರೋಧಕ ಕೋಶಗಳು ಹೇಗೆ ಬದಲಾಗುತ್ತವೆ ಎಂಬುದನ್ನು ಕೋಶಗಳನ್ನು ಒಂದೊಂದಾಗಿ ಲೇಸರ್ ಬೆಳಕಿನಲ್ಲಿ ಹಾಯಿಸಿ ಗುರುತಿಸುವ ಫ್ಲೋ ಸೈಟೋಮೀಟರ್ ಯಂತ್ರದಲ್ಲಿ ಅಳೆಯುವ ಕೆಲಸವನ್ನು ನಾನು ಮಾಡುತ್ತಿದ್ದೇನೆ. ಕೋಶಗಳು ಎಷ್ಟಿವೆ ಎಂಬುದಕ್ಕಿಂತ ಅವು ಯಾವ ಸ್ಥಿತಿಯಲ್ಲಿವೆ ಎಂಬುದೇ ಇಲ್ಲಿ ಹೆಚ್ಚು ತಿಳಿಸುತ್ತದೆ ಎಂದು ನಾನು ದೃಢವಾಗಿ ನಂಬಿದ್ದೇನೆ.

ಮೊದಲ ಮಾದರಿಯನ್ನು ಹೊಸ ಚಿಕಿತ್ಸೆಯ ಮೊದಲ ಮಾತ್ರೆಗೂ ಮುಂಚೆಯೇ ಪಡೆಯಬೇಕು. ಅದಿಲ್ಲದಿದ್ದರೆ ಮುಂದಿನ ಯಾವ ಬದಲಾವಣೆಯನ್ನೂ ಹೋಲಿಸಿ ನೋಡಲಾಗದು. ಒಟ್ಟು ಎಣಿಕೆಗೆ ಇಡಿಟಿಎ ಟ್ಯೂಬಿನಲ್ಲಿ, ಕೋಶಗಳ ಪ್ರತಿಕ್ರಿಯೆ ನೋಡಲು ಹೆಪಾರಿನ್ ಟ್ಯೂಬಿನಲ್ಲಿ (ಎರಡೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತುಗಳು) ರಕ್ತ ತೆಗೆಸುತ್ತೇನೆ. ಹೆಪಾರಿನ್ ಟ್ಯೂಬನ್ನು ಫ್ರಿಜ್ಜಿನಲ್ಲಿಡದೆ ಕೋಣೆಯ ಉಷ್ಣಾಂಶದಲ್ಲೇ ತರಿಸಿ, ಅದೇ ದಿನ ಪರೀಕ್ಷೆಗೆ ಹಚ್ಚುತ್ತೇನೆ.

ಟಿ ಕೋಶಗಳೆಂದರೆ ರೋಗಾಣುಗಳನ್ನು ಗುರುತಿಸಿ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳು. ರಕ್ತದಲ್ಲಿರುವ ಟಿ ಕೋಶಗಳಲ್ಲಿ ಕ್ಷಯದ ರೋಗಾಣುವನ್ನು ಗುರುತಿಸುವಂಥವು ಬಹಳ ಕಡಿಮೆ. ಅವನ್ನು ಹುಡುಕಲು ರೋಗಾಣುವಿನ ಇಸ್ಯಾಟ್-6 ಮತ್ತು ಸಿಎಫ್‌ಪಿ-10 ಪ್ರೋಟೀನುಗಳ ತುಣುಕುಗಳನ್ನು ರಕ್ತಕ್ಕೆ ಸೇರಿಸಿ ಕೆಲವು ಗಂಟೆ ಬಿಟ್ಟು, ಆಗ ರೋಗನಿರೋಧಕ ಸಂಕೇತವಾದ ಇಂಟರ್‌ಫೆರಾನ್ ಗಾಮಾ ತಯಾರಿಸಿದ ಸಿಡಿ4 ಕೋಶಗಳನ್ನು (ಟಿ ಕೋಶಗಳ ಒಂದು ಬಗೆ) ಬೇರೆಯಾಗಿ ನೋಡುತ್ತೇನೆ. ಅವುಗಳ ಮೈಮೇಲೆ ಎಚ್‌ಎಲ್‌ಎ-ಡಿಆರ್ ಎಂಬ ಗುರುತು ಎಷ್ಟಿದೆ ಎಂಬುದೇ ನನಗೆ ಮುಖ್ಯ. ಕೆಲವೇ ಗಂಟೆಗಳ ಪ್ರಚೋದನೆಯಿಂದ ಟಿ ಕೋಶದ ಮೇಲೆ ಈ ಗುರುತು ಹೊಸದಾಗಿ ಮೂಡುವುದಿಲ್ಲವಾದ್ದರಿಂದ, ಕಂಡದ್ದು ರೋಗಿಯ ದೇಹದೊಳಗೇ ಆ ಕೋಶ ಇತ್ತೀಚೆಗೆ ರೋಗಾಣುವನ್ನು ಎದುರಿಸಿದೆ ಎಂಬುದರ ಕುರುಹು. ಸಕ್ರಿಯ ರೋಗದಲ್ಲಿ ಇದು ಏರಿರುತ್ತದೆ, ಔಷಧ ಫಲಿಸಿದಂತೆ ಇಳಿಯುತ್ತದೆ. ಕಫವನ್ನು ಸುಲಭವಾಗಿ ಕೊಡಲಾಗದ ರೋಗಿಗಳ ವಿಷಯದಲ್ಲಿ ಈ ಇಳಿಕೆಯನ್ನು ನಾನು ಬಹಳ ಆಸ್ಥೆಯಿಂದ ಗಮನಿಸುತ್ತೇನೆ.

ಎಣಿಕೆಯನ್ನು ಓದುವಾಗ ಮಾತ್ರ ತುಂಬ ಎಚ್ಚರ ಬೇಕು. ಎಚ್‌ಐವಿ ಇಲ್ಲದವರಲ್ಲಿಯೂ ವ್ಯಾಪಕವಾದ ಕ್ಷಯವು ಸಿಡಿ4 ಕೋಶಗಳ ಸಂಖ್ಯೆಯನ್ನು ತಗ್ಗಿಸಬಲ್ಲದು, ಜೊತೆಗೆ ನ್ಯೂಟ್ರೋಫಿಲ್ ಮತ್ತು ಮಾನೋಸೈಟ್ ಎಂಬ ಬಿಳಿ ಕಣಗಳು ಏರಿರುತ್ತವೆ. ಎಂಡಿಆರ್ ರೋಗಿಗಳಲ್ಲಿ ಅನೇಕರು ಹಿಂದೆ ಚಿಕಿತ್ಸೆ ಪಡೆದವರು, ಶ್ವಾಸಕೋಶದಲ್ಲಿ ಕುಳಿಗಳಿರುವವರು, ತೂಕ ಕಳೆದುಕೊಂಡವರು, ಕೆಲವರಿಗೆ ಸಕ್ಕರೆ ಕಾಯಿಲೆಯೂ ಇರುತ್ತದೆ. ಹಾಗಾಗಿ ಅವರ ಕೋಶಗಳಲ್ಲಿ ಕಂಡ ಬದಲಾವಣೆಗೆ ರೋಗಾಣುವಿನ ಔಷಧ ನಿರೋಧಕತೆಯೇ ಕಾರಣವೆಂದು ಹೇಳುವ ಮೊದಲು, ಅಷ್ಟೇ ವ್ಯಾಪಕವಾದ, ಆದರೆ ಔಷಧಕ್ಕೆ ಬಗ್ಗುವ ಕ್ಷಯವಿರುವ ರೋಗಿಗಳ ಜೊತೆ ಹೋಲಿಸುವುದನ್ನು ನಾನು ಕಡ್ಡಾಯವೆಂದು ಭಾವಿಸಿದ್ದೇನೆ.

ಚಿಕಿತ್ಸೆಯೂ ಎಣಿಕೆಯನ್ನು ಬದಲಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಶಿಫಾರಸು ಮಾಡಿದ, ಭಾರತ ಸರ್ಕಾರ 2024ರಲ್ಲಿ ಒಪ್ಪಿಕೊಂಡ ಆರು ತಿಂಗಳ ಚಿಕಿತ್ಸೆಯಲ್ಲಿ ಬೆಡಾಕ್ವಿಲಿನ್, ಪ್ರೆಟೊಮಾನಿಡ್, ಮಾಕ್ಸಿಫ್ಲಾಕ್ಸಾಸಿನ್ ಜೊತೆಗೆ ಲಿನೆಜೋಲಿಡ್ ಇದೆ. ಲಿನೆಜೋಲಿಡ್ ಮೂಳೆಮಜ್ಜೆಯಲ್ಲಿ ರಕ್ತಕಣಗಳು ಹುಟ್ಟುವುದನ್ನು ಕುಗ್ಗಿಸಬಲ್ಲದು. ಆದ್ದರಿಂದ ಬಿಳಿ ಕಣಗಳು ಇಳಿದದ್ದು ಕಂಡೊಡನೆ ಹಿಮೋಗ್ಲೋಬಿನ್ ಮತ್ತು ಪ್ಲೇಟ್‌ಲೆಟ್ ಸಂಖ್ಯೆಯನ್ನೂ ನೋಡುತ್ತೇನೆ. ಮೂರೂ ಒಟ್ಟಿಗೆ ಇಳಿಯುತ್ತಿದ್ದು, ಎಚ್‌ಎಲ್‌ಎ-ಡಿಆರ್ ಕೂಡ ಇಳಿಯುತ್ತಿದ್ದರೆ, ರೋಗ ಹತೋಟಿಗೆ ಬರುತ್ತಿದ್ದರೂ ಮಜ್ಜೆ ಸೋಲುತ್ತಿರಬಹುದು. ಅಂಥ ಸಂದರ್ಭದಲ್ಲಿ ವರದಿ ಸಿದ್ಧವಾಗುವವರೆಗೆ ಕಾಯದೆ ವೈದ್ಯರಿಗೆ ಫೋನ್ ಮಾಡಿ ತಿಳಿಸುತ್ತೇನೆ. ಡೋಸ್ ತಗ್ಗಿಸುವ ಅಥವಾ ನಿಲ್ಲಿಸುವ ತೀರ್ಮಾನ ಅವರದು, ನನ್ನ ಕಡೆಯಿಂದ ಅದು ತಡವಾಗಬಾರದು.