ಗ್ರೇಡಿಯೆಂಟ್ ನಡುವಿನ ಬೂದು ಬಣ್ಣ ಹೋಗಿಸುವುದು ಹೇಗೆ?

ವೆಬ್‌ಸೈಟಿನ ಹಿನ್ನೆಲೆಗೆ ಎಡಕ್ಕೆ ಹಳದಿ, ಬಲಕ್ಕೆ ನೀಲಿ ಕೊಟ್ಟು, ಒಂದು ಮೆಲ್ಲಗೆ ಇನ್ನೊಂದಕ್ಕೆ ತಿರುಗುವ ಗ್ರೇಡಿಯೆಂಟ್ ಮಾಡಿ ನೋಡಿ. ಎರಡು ತುದಿಯೂ ಚೆನ್ನಾಗಿರುತ್ತವೆ. ನಡುವೆ ಮಾತ್ರ ಬಟ್ಟೆ ಒಗೆದ ನೀರಿನ ಹಾಗೆ ಮಂಕು. ಪೇಂಟಿನಲ್ಲಾದರೆ ಹಳದಿ, ನೀಲಿ ಸೇರಿ ಹಸಿರಾಗುತ್ತದೆ, ಅಲ್ವಾ? ಇಲ್ಲಿ ಯಾಕಾಗುವುದಿಲ್ಲ?

ಕಂಪ್ಯೂಟರಿಗೆ ಬಣ್ಣ ಎಂದರೆ ಮೂರು ಅಂಕಿ: ಕೆಂಪೆಷ್ಟು, ಹಸಿರೆಷ್ಟು, ನೀಲಿಯೆಷ್ಟು. ಹಳದಿ 255, 255, 0. ನೀಲಿ 0, 0, 255. ಬ್ರೌಸರ್ ಸುಮ್ನೆ ಸರಾಸರಿ ತೆಗೆಯುತ್ತದೆ. ನಟ್ಟನಡುವೆ ಮೂರೂ ಸುಮಾರು 128. ಮೂರೂ ಸಮವಾದರೆ ಬೂದು ಬಣ್ಣವೇ ಬರುವುದು.

ಮೊದಲು ಪೇಜಿನ ಬಣ್ಣ, ರೂಪ ಹೇಳುವ ಸಿಎಸ್‌ಎಸ್ ಫೈಲಿನಲ್ಲಿ ಮಾಮೂಲಿ ಸಾಲು ಬರೆಯಿರಿ. ಓದಲು ಸುಲಭವಾಗಲಿ ಎಂದು ಕನ್ನಡದಲ್ಲಿ ಕೊಟ್ಟಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು.

ಬ್ಯಾಕ್‌ಗ್ರೌಂಡ್: ಲೀನಿಯರ್-ಗ್ರೇಡಿಯೆಂಟ್(ಟು ರೈಟ್, ಯೆಲ್ಲೋ, ಬ್ಲೂ);

‘ಟು ರೈಟ್’ ಬಿಟ್ಟರೆ ಬಣ್ಣ ಮೇಲಿಂದ ಕೆಳಗಿಳಿಯುತ್ತದೆ.

ಈಗ ಅದೇ ಸಾಲನ್ನು ಅದರ ಕೆಳಗೇ ಕಾಪಿ ಮಾಡಿ, ಎರಡು ಪದ (in oklch) ಸೇರಿಸಿ:

ಬ್ಯಾಕ್‌ಗ್ರೌಂಡ್: ಲೀನಿಯರ್-ಗ್ರೇಡಿಯೆಂಟ್(ಟು ರೈಟ್ ಇನ್ ಓಕೆಎಲ್‌ಸಿಎಚ್, ಯೆಲ್ಲೋ, ಬ್ಲೂ);

‘ರೈಟ್’ ಆದ ಮೇಲೆ ಅಲ್ಪವಿರಾಮ ಹಾಕಬೇಡಿ. ಹಾಕಿದರೆ ಇಡೀ ಸಾಲೇ ಕೆಲಸ ಮಾಡುವುದಿಲ್ಲ. ಪೇಜ್ ರಿಫ್ರೆಶ್ ಮಾಡಿ. ಹಳದಿ ಎಳೆ ಹಸಿರಾಗಿ, ಹಸಿರು ನವಿಲಿನ ಬಣ್ಣಕ್ಕೆ ತಿರುಗಿ, ಆಮೇಲೆ ನೀಲಿ ಸೇರುತ್ತದೆ. ಮೊದಲ ಸಲ ನೋಡಿದಾಗ ನನಗೆ ನಿಜಕ್ಕೂ ಖುಷಿಯಾಗಿತ್ತು.

ಓಕೆಎಲ್‌ಸಿಎಚ್ ಕೂಡ ಮೂರು ಅಂಕಿಯ ಲೆಕ್ಕವೇ. ಆದರೆ ಇಲ್ಲಿ ಅಂಕಿಗಳು ಹೇಳುವುದು ಬಣ್ಣ ಎಷ್ಟು ಬೆಳಕಿದೆ, ಎಷ್ಟು ಗಾಢ, ಬಣ್ಣಗಳ ಚಕ್ರದಲ್ಲಿ ಯಾವ ಕೋನದಲ್ಲಿದೆ ಎಂಬುದನ್ನು. ಇದರ ಮೂಲವಾದ ಓಕೆಲ್ಯಾಬ್ ಎಂಬ ಬಣ್ಣದ ಲೆಕ್ಕವನ್ನು 2020ರಲ್ಲಿ ರೂಪಿಸಿದವರು ಬ್ಯೋರ್ನ್ ಒಟೊಸ್ಸೊನ್. ಬಣ್ಣಗಳ ಚಕ್ರದ ನಟ್ಟನಡುವೆ ಇರುವುದೇ ಬೂದು. ಹಳೇ ಲೆಕ್ಕ ಕೆರೆಯ ನಡುವೆ ನೀರಿಗಿಳಿದು ದಾಟಿದ ಹಾಗೆ. ಇದು ದಂಡೆ ಹಿಡಿದು ಸುತ್ತಿ ಬಂದ ಹಾಗೆ.

ದಂಡೆಗೆ ಎರಡು ದಿಕ್ಕಿದೆ. ಆ ಎರಡು ಹೊಸ ಪದಗಳಾದ ಮೇಲೆ ‘ಲಾಂಗರ್ ಹ್ಯೂ’ ಎಂದು ಸೇರಿಸಿದರೆ ಹಸಿರಿನ ಬದಲು ಕಿತ್ತಳೆ, ಕೆಂಪು, ನೇರಳೆ ದಾಟಿ ನೀಲಿಗೆ ಬರುತ್ತದೆ. ಮುಸ್ಸಂಜೆಯ ಆಕಾಶ ಬೇಕೆಂದರೆ ಇದೇ ಸರಿ.

ಮೊದಲ ಸಾಲನ್ನು ಅಳಿಸಬೇಡಿ. ಕ್ರೋಮ್‌ಗೆ ಈ ಸೌಲಭ್ಯ ಬಂದದ್ದು 2023ರಲ್ಲಿ, 111ನೇ ಆವೃತ್ತಿಗೆ. ಅಪ್‌ಡೇಟ್ ಆಗದ ಹಳೇ ಫೋನು ಎರಡನೇ ಸಾಲು ಅರ್ಥವಾಗದೆ ಬಿಟ್ಟುಬಿಡುತ್ತದೆ, ಮೊದಲನೆಯದನ್ನು ತೋರಿಸುತ್ತದೆ.

ಇದರ ಮೇಲೆ ಅಕ್ಷರ ಬರೆಯುವಾಗ ಮಾತ್ರ ಜೋಪಾನ. ಹಳದಿ ಮೇಲೆ ಬಿಳಿ ಅಕ್ಷರ ಕಾಣುವುದೇ ಇಲ್ಲ, ನೀಲಿ ಮೇಲೆ ಕಪ್ಪು ಓದಲು ಕಷ್ಟ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್, ಅಂದರೆ ಬೆಳಕಿನ ವ್ಯತ್ಯಾಸ, ಬೇಕು. ಬರಹದ ಹಿಂದೆ ಒಂದೇ ಬಣ್ಣದ ಚೌಕ ಇಟ್ಟು, ಗ್ರೇಡಿಯೆಂಟನ್ನು ಅದರ ಸುತ್ತ ಬಿಡಿ.