ಕಾರಿನೊಂದಿಗೆ ಅಮೆರಿಕದಿಂದ ಕೆನಡಾಕ್ಕೆ: ಕಾಗದಪತ್ರಗಳ ಸರದಿ

ಎಚ್‌-1ಬಿ ವೀಸಾದ ಮೇಲೆ ಹಲವು ವರ್ಷ ಅಮೆರಿಕದಲ್ಲಿ ದುಡಿದು, ಗ್ರೀನ್ ಕಾರ್ಡಿನ ಸರದಿಗೆ ಕಾದು ಬೇಸತ್ತು, ಕೊನೆಗೆ ಕೆನಡಾದ ಕಾಯಂ ನಿವಾಸ ಪಡೆದು ಟೊರಾಂಟೊ ಕಡೆಗೆ ಹೊರಡುವ ಕನ್ನಡ ಕುಟುಂಬಗಳು ಈಗ ಅಪರೂಪವಲ್ಲ. ಸೋಫಾ, ಮಂಚಗಳ ವಿಷಯ ಬೇಗ ಇತ್ಯರ್ಥವಾಗುತ್ತದೆ. ಕಾರನ್ನು ಮಾರುವುದೋ ಒಯ್ಯುವುದೋ ಎಂಬ ಚರ್ಚೆ ಮಾತ್ರ ಹೊರಡುವ ವಾರದವರೆಗೂ ಎಳೆಯುತ್ತದೆ. ಒಯ್ಯುವುದೆಂದು ನಿಶ್ಚಯಿಸಿದವರು ಸಾಮಾನ್ಯವಾಗಿ ಕೆನಡಾದ ಸುಂಕದ ಬಗ್ಗೆಯೇ ಚಿಂತಿಸುತ್ತಾರೆ. ಆದರೆ ಹೆಚ್ಚಿನವರು ಎಡವುವುದು ಅಮೆರಿಕದಿಂದ ಹೊರಡುವ ಬಾಗಿಲಿನಲ್ಲಿ. ಆದ್ದರಿಂದ ಸಿದ್ಧತೆಯನ್ನು ಅಲ್ಲಿಂದಲೇ, ಪ್ರಯಾಣಕ್ಕೆ ಕನಿಷ್ಠ ಒಂದು ತಿಂಗಳ ಮೊದಲೇ ಆರಂಭಿಸುವುದು ಒಳ್ಳೆಯದು.

ಎಲ್ಲಕ್ಕಿಂತ ಮೊದಲು ನಿಮ್ಮ ಕಾರು ಕೆನಡಾಕ್ಕೆ ಪ್ರವೇಶ ಪಡೆಯಬಲ್ಲದೇ ಎಂಬುದನ್ನು ಟ್ರಾನ್ಸ್‌ಪೋರ್ಟ್ ಕೆನಡಾ, ಅಂದರೆ ಅಲ್ಲಿನ ಸಾರಿಗೆ ಇಲಾಖೆ, ಪ್ರಕಟಿಸುವ ಪಟ್ಟಿಯಲ್ಲಿ ಕಂಪನಿ, ಮಾದರಿ ಮತ್ತು ವರ್ಷದ ಪ್ರಕಾರ ನೋಡಿಕೊಳ್ಳಬೇಕು. ಅಮೆರಿಕದಲ್ಲಿ ಕಾನೂನುಬದ್ಧವಾಗಿ ಓಡುವ ಎಲ್ಲ ಕಾರುಗಳೂ ಆ ಪಟ್ಟಿಯಲ್ಲಿ ತೇರ್ಗಡೆಯಾಗುವುದಿಲ್ಲ. 15 ವರ್ಷ ದಾಟಿದ ಕಾರುಗಳಿಗೆ ಈ ತಪಾಸಣೆಯಿಂದ ವಿನಾಯಿತಿ ಇದೆ. ಕೆನಡಾ ಕೇಳುವ, ಹಗಲಿನಲ್ಲೂ ತಾನಾಗಿ ಉರಿಯುವ ಮುಂದೀಪ ನಿಮ್ಮ ಕಾರಿನಲ್ಲಿದೆಯೇ ಎಂದು ಮನೆಯ ಮುಂದೆಯೇ ಪರೀಕ್ಷಿಸಬಹುದು: ದೀಪದ ಸ್ವಿಚ್ಚನ್ನು ಆಫ್‌ಗೆ ತಿರುಗಿಸಿ, ಎಂಜಿನ್ ಚಾಲೂ ಮಾಡಿ, ಹ್ಯಾಂಡ್ ಬ್ರೇಕ್ ಬಿಟ್ಟ ಮೇಲೆ ಇನ್ನೊಬ್ಬರನ್ನು ಎದುರಿಗೆ ನಿಲ್ಲಿಸಿ ನೋಡಿಸಿದರೆ ಸಾಕು. ಕೀಲಿಯಿಲ್ಲದೆ ಎಂಜಿನ್ ಚಾಲೂ ಆಗದಂತೆ ತಡೆಯುವ ಇಮೊಬಿಲೈಸರ್, ಮಕ್ಕಳ ಸೀಟಿನ ಮೇಲ್ಪಟ್ಟಿಯನ್ನು ಬಿಗಿಯುವ ಕೊಕ್ಕೆ, ಕಿಲೋಮೀಟರ್ ತೋರಿಸುವ ಸ್ಪೀಡೋಮೀಟರ್ ಇವೂ ಲೆಕ್ಕಕ್ಕೆ ಬರುತ್ತವೆ. ಇದರ ಜೊತೆಗೆ, ಆ ಕಾರಿನ ಮೇಲೆ ಯಾವ ರೀಕಾಲ್ ಕೆಲಸವೂ (ದೋಷ ಕಂಡು ಕಂಪನಿಯೇ ಕರೆದು ಮಾಡಿಕೊಡುವ ದುರಸ್ತಿ) ಬಾಕಿ ಉಳಿದಿಲ್ಲವೆಂಬ ಪತ್ರವನ್ನು ಕಂಪನಿಯಿಂದ ಕೇಳಿ ಪಡೆಯಬೇಕು. ಅದರಲ್ಲಿ ವಿನ್ ನಂಬರ್, ಅಂದರೆ ಮುಂದಿನ ಗಾಜಿನ ಕೆಳಮೂಲೆಯಲ್ಲಿ ಕಾಣುವ 17 ಅಕ್ಷರ ಮತ್ತು ಅಂಕೆಗಳ ಗುರುತು, ತಪ್ಪಿಲ್ಲದೆ ನಮೂದಾಗಿರಬೇಕು.

ಇನ್ನು ಅಮೆರಿಕದ ಬಾಗಿಲು. ಬಳಸಿದ ಕಾರು ಅಮೆರಿಕ ಬಿಟ್ಟು ಹೋಗುವುದೆಂದರೆ ಕಾನೂನಿನ ದೃಷ್ಟಿಯಲ್ಲಿ ಅದು ರಫ್ತು. ಅದಕ್ಕಾಗಿ ಎಇಎಸ್ ಎಂಬ ವಿದ್ಯುನ್ಮಾನ ವ್ಯವಸ್ಥೆಯಲ್ಲಿ ವಿವರ ಸಲ್ಲಿಸಿ ಐಟಿಎನ್ ಎಂಬ ಸಂಖ್ಯೆಯನ್ನು ಪಡೆಯಬೇಕು. ಈ ಸಲ್ಲಿಕೆಗೆ ಸೋಷಿಯಲ್ ಸೆಕ್ಯುರಿಟಿ ನಂಬರ್ ನಡೆಯುವುದಿಲ್ಲ, ಇಐಎನ್ ಎಂಬ, ಉದ್ಯೋಗದಾತರಿಗೆ ಕೊಡುವ ತೆರಿಗೆ ಗುರುತಿನ ಸಂಖ್ಯೆ ಬೇಕಾಗುತ್ತದೆ; ಹೀಗಾಗಿ ಬಹಳ ಮಂದಿ ಸ್ವಲ್ಪ ಶುಲ್ಕ ಕೊಟ್ಟು ಕಸ್ಟಮ್ಸ್ ಬ್ರೋಕರ್ ಮೂಲಕವೇ ಈ ಕೆಲಸ ಮುಗಿಸುತ್ತಾರೆ, ಅದೇ ಜಾಣತನವೆಂದು ನನ್ನ ಅಭಿಪ್ರಾಯ. ಅನಂತರ ಕಾರಿನ ಟೈಟಲ್ (ಮಾಲೀಕತ್ವದ ಪತ್ರ) ಮತ್ತಿತರ ದಾಖಲೆಗಳನ್ನು, ನೀವು ದಾಟಲಿರುವ ಗಡಿಠಾಣೆಯ ಅಮೆರಿಕನ್ ಕಸ್ಟಮ್ಸ್ ಕಚೇರಿಗೆ ಕನಿಷ್ಠ 72 ಗಂಟೆ ಮೊದಲೇ ತಲುಪಿಸಿ, ದಾಟುವ ದಿನ ಕಾರನ್ನೂ ಮೂಲ ಟೈಟಲನ್ನೂ ಅಲ್ಲಿ ಹಾಜರುಪಡಿಸಬೇಕು. ಕಾರಿನ ಮೇಲೆ ಸಾಲವಿದ್ದರೆ, ರಫ್ತಿಗೆ ಒಪ್ಪಿಗೆಯಿದೆ ಎಂಬ ಬ್ಯಾಂಕಿನ ಲಿಖಿತ ಪತ್ರವೂ ಬೇಕು; ಈ ಪತ್ರ ಕೈಸೇರುವುದಕ್ಕೇ ವಾರಗಳು ಹಿಡಿಯಬಹುದು.

ಬಫಲೋದ ಪೀಸ್ ಬ್ರಿಜ್ ಅಥವಾ ಡೆಟ್ರಾಯಿಟ್‌ನ ಅಂಬಾಸಡರ್ ಬ್ರಿಜ್‌ನಲ್ಲಿ ಜನ ಹಗಲಿರುಳು ದಾಟುತ್ತಾರೆ ನಿಜ, ಆದರೆ ರಫ್ತಿನ ಕಾಗದ ನೋಡುವ ಕಚೇರಿಗೆ ತನ್ನದೇ ವೇಳೆಯಿರುತ್ತದೆ. ನಮ್ಮ ಪರಿಚಯದ ಒಂದು ಕುಟುಂಬ ಶನಿವಾರ ಸಂಜೆ, ಹಿಂದಿನ ಸೀಟಿನಲ್ಲಿ ಕುಕ್ಕರು, ಮಿಕ್ಸಿ, ತುಳಸಿ ಕುಂಡಗಳನ್ನು ತುಂಬಿಕೊಂಡು ಗಡಿಗೆ ಹೋಗಿ, ಸೋಮವಾರ ಬೆಳಿಗ್ಗೆಯವರೆಗೆ ಮೋಟೆಲ್‌ನಲ್ಲಿ ಕಾಲ ಕಳೆಯಬೇಕಾಯಿತು. ಅಂದಹಾಗೆ, ಮಣ್ಣು ತುಂಬಿದ ಆ ಕುಂಡಗಳು ಕೂಡ ಬೇರೆಯದೇ ತಪಾಸಣೆಗೆ ಒಳಗಾಗುವ ವಸ್ತುಗಳು. ಠಾಣೆಗೆ ಮೊದಲೇ ಫೋನ್ ಮಾಡಿ ವೇಳೆಯನ್ನೂ, ಕಾಗದ ಕಳುಹಿಸುವ ವಿಧಾನವನ್ನೂ ಕೇಳಿಕೊಳ್ಳಿ.

ಕೆನಡಾದ ಕಡೆ ಬಂದ ಮೇಲೆ ಸಿಬಿಎಸ್‌ಎ ಎಂಬ ಗಡಿ ಸೇವಾ ಸಂಸ್ಥೆಯ ಅಧಿಕಾರಿ ವಾಹನ ಆಮದಿನ ಫಾರ್ಮ್ 1 ತುಂಬಿಸಿ ಮುದ್ರೆ ಹಾಕುತ್ತಾರೆ. ಹೊಸದಾಗಿ ನೆಲೆಸಲು ಬರುವವರು, ಬರುವ ಮುನ್ನವೇ ತಮ್ಮ ಹೆಸರಿನಲ್ಲಿದ್ದು ತಾವು ಬಳಸುತ್ತಿದ್ದ ಕಾರನ್ನು ಸುಂಕವಿಲ್ಲದೆ ತರಬಹುದು. ಲೀಸ್‌ಗೆ ಪಡೆದ ಕಾರಿಗೆ ಈ ಸೌಲಭ್ಯವಿಲ್ಲ. ವಿನಾಯಿತಿಯಲ್ಲಿ ತಂದ ಕಾರನ್ನು 12 ತಿಂಗಳೊಳಗೆ ಮಾರಿದರೆ ಬಿಟ್ಟುಕೊಟ್ಟ ಸುಂಕವನ್ನು ಕಟ್ಟಬೇಕಾಗುತ್ತದೆ. ಮೊದಲು ವಿಮಾನದಲ್ಲಿ ಹೋಗಿ ಕಾಯಂ ನಿವಾಸಿಯಾಗಿ ದಾಖಲಾಗಿ, ಕಾರನ್ನು ಆಮೇಲೆ ತರುವ ಉದ್ದೇಶವಿರುವವರು ಆ ಮೊದಲ ದಿನವೇ ‘ನಂತರ ಬರುವ ವಸ್ತುಗಳು’ ಎಂಬ ಪಟ್ಟಿಯಲ್ಲಿ ಕಾರಿನ ಮಾದರಿ, ವಿನ್ ನಂಬರ್, ಮೌಲ್ಯಗಳನ್ನು ಬರೆಸಿಕೊಳ್ಳಬೇಕು. ಆ ಒಂದು ಸಾಲು ಬಿಟ್ಟುಹೋದರೆ ವಿನಾಯಿತಿ ಕೇಳುವುದು ಕಷ್ಟವಾಗುತ್ತದೆ. ಈ ಸೌಲಭ್ಯಕ್ಕೆ ಸೇರದವರ ಲೆಕ್ಕವೇ ಬೇರೆ: 5% ಜಿಎಸ್‌ಟಿ, ಎಸಿ ಇದ್ದರೆ 100 ಡಾಲರ್ ಅಬಕಾರಿ ತೆರಿಗೆ, ಉತ್ತರ ಅಮೆರಿಕದಲ್ಲಿ ತಯಾರಾಗದ ಕಾರಿಗೆ ಸಾಮಾನ್ಯವಾಗಿ 6.1% ಸುಂಕ. ಅಮೆರಿಕದಲ್ಲಿ ತಯಾರಾದ ವಾಹನಗಳ ಮೇಲೆ ಕೆನಡಾ 2025ರ ಏಪ್ರಿಲ್‌ನಲ್ಲಿ 25% ಪ್ರತಿಸುಂಕವನ್ನೂ ಹೇರಿದ್ದರಿಂದ, ಹಳೆಯ ಲೆಕ್ಕಗಳನ್ನು ನಂಬದೆ ಅಂದಿನ ದರವನ್ನು ಕೇಳಿಯೇ ಹೊರಡಬೇಕು.

ಗಡಿ ದಾಟಿದ ಮೇಲೆ ಆರ್‌ಐವಿ ಎಂಬ ನೋಂದಣಿ ಸಂಸ್ಥೆಗೆ ಮುನ್ನೂರು ಡಾಲರ್ ಮೀರಿದ ಶುಲ್ಕ ಮತ್ತು ರೀಕಾಲ್ ಪತ್ರ ಸಲ್ಲಿಸಿದರೆ ತಪಾಸಣೆಯ ಫಾರ್ಮ್ 2 ಬರುತ್ತದೆ. ಆಮದಾದ 45 ದಿನಗಳೊಳಗೆ ಕೆನೇಡಿಯನ್ ಟೈರ್ ಮಳಿಗೆಗಳಂಥ ಅಧಿಕೃತ ಕೇಂದ್ರದಲ್ಲಿ ಕಾರನ್ನು ತೋರಿಸಿ ಆ ಫಾರ್ಮಿಗೆ ಮುದ್ರೆ ಹಾಕಿಸಬೇಕು. ಒಂಟಾರಿಯೊದಂಥ ಪ್ರಾಂತ್ಯದಲ್ಲಿ ಇದಲ್ಲದೆ ಪ್ರತ್ಯೇಕ ಸುರಕ್ಷತಾ ಪ್ರಮಾಣಪತ್ರವೂ ಬೇಕು. ಮುಂದೆ ಊರಿಗೆ ಮರಳುವಾಗ ಇದೇ ಕಾರನ್ನು ಬೆಂಗಳೂರಿಗೂ ಒಯ್ಯಬಹುದೆಂದು ಯಾರಾದರೂ ಎಣಿಸಿದ್ದರೆ, ಆ ಆಸೆಯನ್ನು ಇಲ್ಲೇ ಬಿಡುವುದು ಲೇಸು: ಭಾರತಕ್ಕೆ ಆಮದಾಗುವ ಬಳಸಿದ ಕಾರಿನ ಸ್ಟಿಯರಿಂಗ್ ಬಲಗಡೆಯೇ ಇರಬೇಕು.

ಹಳೆಯ ವಿಮಾ ಕಂಪನಿಯಿಂದ ನಿಮ್ಮ ಚಾಲನೆಯ ಮತ್ತು ಕ್ಲೇಮುಗಳ ಇತಿಹಾಸ ತಿಳಿಸುವ ಪತ್ರ ಪಡೆದುಕೊಂಡಿದ್ದರೆ ಕೆನಡಾದ ಪ್ರೀಮಿಯಂ ಚೌಕಾಸಿಯಲ್ಲಿ ನೆರವಾಗುತ್ತದೆ. ಆದರೆ ಹಳೆಯ ವಿಮೆಯನ್ನು ಅವಸರದಿಂದ ನಿಲ್ಲಿಸಬೇಡಿ. ನ್ಯೂಯಾರ್ಕ್ ರಾಜ್ಯದ ನೋಂದಣಿಯಿದ್ದರೆ ನಂಬರ್ ಪ್ಲೇಟುಗಳನ್ನು ಮೊದಲು ಅಲ್ಲಿನ ಇಲಾಖೆಗೆ ಒಪ್ಪಿಸಿ, ಆಮೇಲಷ್ಟೇ ವಿಮೆ ರದ್ದುಮಾಡಬೇಕು. ಕೆನಡಾದ ಪ್ಲೇಟು ಬಂದ ಮೇಲೆ ಹಳೆಯದನ್ನು ಬಿಚ್ಚಿ ಅಂಚೆಯಲ್ಲಿ ಕಳುಹಿಸಿದರೂ ಆಗುತ್ತದೆ, ಒಪ್ಪಿಸಿದ್ದಕ್ಕೆ ರಸೀದಿ ಬರುವವರೆಗೆ ಮಾತ್ರ ವಿಮೆಯನ್ನು ಮುಟ್ಟಬಾರದು.