ಡೌಟ್‌ಫುಲ್ ಸೌಂಡ್‌ಗೆ ಹೊರಟವರು ಮಳೆಗೆ ಹೆದರಬೇಡಿ

ನ್ಯೂಜಿಲೆಂಡ್‌ಗೆ ಹೋಗುವ ನಮ್ಮವರ ಪ್ರವಾಸಪಟ್ಟಿಯಲ್ಲಿ, ಬೆಟ್ಟಗಳ ನಡುವೆ ಕಡಲು ಒಳಚಾಚಿದ ಮಿಲ್‌ಫರ್ಡ್ ಸೌಂಡ್ ಇದ್ದೇ ಇರುತ್ತದೆ. ಬಸ್ಸು ದೋಣಿಕಟ್ಟೆಯ ತನಕ ಹೋಗುತ್ತದೆ, ಎರಡು ಗಂಟೆ ಸುತ್ತಾಡಿಸಿ ಕರೆತರುತ್ತಾರೆ. ಅದೂ ಚೆಂದವೇ. ಆದರೆ ಕೈಯಲ್ಲಿ ಇನ್ನೊಂದು ದಿನ ಇದ್ದರೆ ಅದನ್ನು ಅಂಥದೇ ಮತ್ತೊಂದು ಕಡಲತೋಳಾದ ಡೌಟ್‌ಫುಲ್ ಸೌಂಡ್‌ಗೆ ಮೀಸಲಿಡಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಸುಮಾರು 40 ಕಿಲೋಮೀಟರ್ ಉದ್ದ, 400 ಮೀಟರಿಗೂ ಮೀರಿದ ಆಳ, ಎರಡೂ ಕಡೆ ನೀರಿನಿಂದಲೇ ನೆಟ್ಟಗೆ ಎದ್ದ ಕಾಡುಬೆಟ್ಟ. ಹೊರಲೋಕದಿಂದ ಅಲ್ಲಿಗೆ ನೇರ ರಸ್ತೆಯಿಲ್ಲ. ಹಾಗಾಗಿ ಜನ ಕಡಿಮೆ, ದೋಣಿಗಳೂ ಕಡಿಮೆ.

1770ರಲ್ಲಿ ಈ ಕರಾವಳಿಯ ಪಕ್ಕ ಹಾಯ್ದುಹೋದ ಇಂಗ್ಲಿಷ್ ನಾವಿಕ ಜೇಮ್ಸ್ ಕುಕ್, ಒಳಗೆ ನುಗ್ಗಿದರೆ ಗಾಳಿ ಮತ್ತೆ ಹೊರಗೆ ಬಿಟ್ಟೀತೇ ಎಂಬ ಅನುಮಾನದಿಂದ ಹಡಗನ್ನು ಒಳಗೆ ಒಯ್ಯಲೇ ಇಲ್ಲ. ಆ ಅನುಮಾನವೇ ಹೆಸರಾಗಿ ನಿಂತಿತು. ಅಲ್ಲಿಯ ಮೂಲನಿವಾಸಿಗಳಾದ ಮಾವೊರಿ ಜನರಿಗೆ ಇದು ಪಾತೆಯ. ‘ಸೌಂಡ್’ ಎಂಬ ಪದವೂ ಇಲ್ಲಿಗೆ ಸರಿಹೊಂದದು. ನದಿ ಕೊರೆದ ಕಣಿವೆಗೆ ಕಡಲು ನುಗ್ಗಿದರೆ ಸೌಂಡ್. ಹಿಮನದಿ ಬಂಡೆಯನ್ನು ಉಜ್ಜಿ ಉಜ್ಜಿ ಕೊರೆದ ಕಣಿವೆಗೆ ನುಗ್ಗಿದರೆ ಫಿಯಾರ್ಡ್. ಇದು ಅಪ್ಪಟ ಫಿಯಾರ್ಡ್.

ಯಾವಾಗ ಹೋಗಬೇಕು?

ಅಲ್ಲಿಯ ಋತುಗಳು ನಮ್ಮವುಗಳಿಗೆ ತಿರುಗುಮುರುಗು. ಡಿಸೆಂಬರ್‌ನಿಂದ ಫೆಬ್ರುವರಿ ಬೇಸಿಗೆ. ಹಗಲು ದೀರ್ಘ, ಜನಸಂದಣಿಯೂ ಹೆಚ್ಚು. ನನ್ನ ಸಲಹೆ ಮಾತ್ರ ದಸರಾ ರಜೆ. ಆಗ ಅಲ್ಲಿ ವಸಂತ. ಟವಾಕಿ ಎಂಬ ಫಿಯಾರ್ಡ್‌ಲ್ಯಾಂಡ್ ಪೆಂಗ್ವಿನ್‌ಗಳು ಕಾಡಿನಂಚಿನ ಬೇರುಗಳ ಸಂದಿಯಲ್ಲಿ, ಬಂಡೆಗಳ ಅಡಿಯಲ್ಲಿ ಗೂಡು ಮಾಡಿಕೊಂಡಿರುವ ಕಾಲ. ಜುಲೈನಲ್ಲಿ ಬಂದವು ನವೆಂಬರ್ ಮುಗಿಯುವ ಹೊತ್ತಿಗೆ ಮರಿಗಳನ್ನು ಕಡಲಿಗಿಳಿಸಿ ಹೊರಟುಬಿಡುತ್ತವೆ. ನಮ್ಮ ಏಪ್ರಿಲ್–ಮೇ ರಜೆಯಲ್ಲಿ ಹೋದವರು ಪೆಂಗ್ವಿನ್ನಿನ ಆಸೆ ಇಟ್ಟುಕೊಳ್ಳದಿರುವುದೇ ವಾಸಿ. ಡಾಲ್ಫಿನ್ ಮತ್ತು ಸೀಲ್‌ಗಳು ವರ್ಷವಿಡೀ ಅಲ್ಲೇ ಇರುತ್ತವೆ.

ಭಾರತದ ಪಾಸ್‌ಪೋರ್ಟ್ ಇರುವವರು ಮುಂಚಿತವಾಗಿ ವೀಸಾ ಮಾಡಿಸಿಕೊಳ್ಳಬೇಕು. ಊರಿನಿಂದ ಒಯ್ದ ಪ್ರತಿ ತಿನಿಸನ್ನೂ, ಮಣ್ಣು ಮೆತ್ತಿದ ಬೂಟನ್ನೂ ಆಗಮನದ ಅರ್ಜಿಯಲ್ಲಿ ನಮೂದಿಸಿ. ಮುಚ್ಚಿಟ್ಟು ಸಿಕ್ಕಿಬಿದ್ದರೆ ವಿಮಾನ ನಿಲ್ದಾಣದಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ.

ತಲುಪುವ ಬಗೆ

ಕ್ವೀನ್ಸ್‌ಟೌನ್‌ನಿಂದ ಮಾನಪೌರಿ ಎಂಬ ಪುಟ್ಟ ಊರಿಗೆ ರಸ್ತೆಯಲ್ಲಿ ಎರಡರಿಂದ ಎರಡೂವರೆ ಗಂಟೆ. ಹಿಂದಿನ ರಾತ್ರಿ ಮಾನಪೌರಿಯಲ್ಲೋ 20 ಕಿಲೋಮೀಟರ್ ಆಚೆಯ ಟೆ ಆನೌದಲ್ಲೋ ಉಳಿದುಕೊಂಡರೆ ಬೆಳಗಿನ ಓಟ ತಪ್ಪುತ್ತದೆ. ಊಟ, ತಿಂಡಿ, ನೀರು ಎಲ್ಲವನ್ನೂ ಅಲ್ಲೇ ಕೊಂಡುಕೊಳ್ಳಿ. ಮುಂದೆ ಅಂಗಡಿಯಿಲ್ಲ, ಮೊಬೈಲ್ ಸಿಗ್ನಲ್ಲೂ ಇಲ್ಲ. ಸಸ್ಯಾಹಾರಿಗಳು ಟಿಕೆಟ್ ಕಾಯ್ದಿರಿಸುವಾಗಲೇ ಹೇಳಿಬಿಡುವುದು ಒಳ್ಳೆಯದು.

ಮೊದಲು ಮಾನಪೌರಿ ಸರೋವರವನ್ನು ದೋಣಿಯಲ್ಲಿ ದಾಟಬೇಕು. ಮುಕ್ಕಾಲು ಗಂಟೆಯ ಹಾದಿ. ಈ ಸರೋವರಕ್ಕೊಂದು ಕಥೆಯಿದೆ. ಜಲವಿದ್ಯುತ್ತಿಗಾಗಿ ಇದರ ಮಟ್ಟವನ್ನು ಏರಿಸಿ ದಡದ ಕಾಡನ್ನೆಲ್ಲ ಮುಳುಗಿಸುವ ಯೋಜನೆಯಿತ್ತು. 1970ರಲ್ಲಿ 2,64,907 ಜನ ಅದರ ವಿರುದ್ಧ ಮನವಿಗೆ ಸಹಿ ಹಾಕಿದರು, ಅಂದರೆ ಆಗಿನ ಜನಸಂಖ್ಯೆಯ ಹತ್ತರಲ್ಲಿ ಒಂದು ಪಾಲು. ಸರೋವರ ಉಳಿಯಿತು. ವಿದ್ಯುತ್ ಕೇಂದ್ರ ಬೆಟ್ಟದ ಹೊಟ್ಟೆಯೊಳಗೆ ನಡೆಯುತ್ತಿದೆ. ಶರಾವತಿ, ಕಾಳಿ ಕಣಿವೆಗಳಲ್ಲಿ ಮುಳುಗಿದ ಊರುಗಳನ್ನು ಬಲ್ಲ ನಮಗೆ ಆ ದಡದ ಮರಗಳನ್ನು ಸುಮ್ಮನೆ ನೋಡಿ ಮುಂದೆ ಹೋಗಲಾಗುವುದಿಲ್ಲ.

ಆಚೆ ದಡದಿಂದ ಬಸ್ಸು. ವಿದ್ಯುತ್ ಕೇಂದ್ರದ ಯಂತ್ರಗಳನ್ನು ಸಾಗಿಸಲೆಂದು 1960ರ ದಶಕದಲ್ಲಿ ಕಡಿದ 22 ಕಿಲೋಮೀಟರಿನ ಘಟ್ಟದ ದಾರಿ, ದೇಶದ ಬೇರಾವ ರಸ್ತೆಗೂ ಕೂಡಿಕೊಳ್ಳದ್ದು. ವಿಲ್ಮಟ್ ಪಾಸ್ ಎಂಬ ನೆತ್ತಿಯನ್ನು ದಾಟಿ ಇಳಿದರೆ ಫಿಯಾರ್ಡ್‌ನ ಒಳತುದಿಯಾದ ಡೀಪ್ ಕೋವ್. ಅಲ್ಲಿ ಹಡಗು ಕಾದಿರುತ್ತದೆ. ದಾರಿಯಲ್ಲಿ ಕಿಯಾ ಗಿಳಿಗಳು ಎದುರಾದರೆ ಏನನ್ನೂ ತಿನ್ನಿಸಬೇಡಿ.

ಹಗಲಿನ ಪ್ರವಾಸವೋ, ರಾತ್ರಿ ತಂಗುವುದೋ?

ಹಗಲಿನದಾದರೆ ಮಾನಪೌರಿಯಿಂದ ಹೋಗಿ ಬರಲು ಇಡೀ ದಿನ ಬೇಕು, ಫಿಯಾರ್ಡ್‌ನೊಳಗೆ ಸಿಗುವುದು ಸುಮಾರು ಮೂರು ಗಂಟೆ. ತಂಗುವ ಹಡಗುಗಳು ಚಳಿಗಾಲದಲ್ಲಿ ಕಡಿಮೆ, ಖರ್ಚೂ ಹೆಚ್ಚು. ಆದರೂ ಹಣ ಹೊಂದುವುದಾದರೆ ತಂಗಿ. ಮುಂಜಾನೆ ನೀರು ಅಲುಗದೆ ಮಲಗಿದ್ದಾಗ ಮಂಜು ಬೆಟ್ಟದ ಸೊಂಟದ ಮಟ್ಟದಲ್ಲಿ ಸರಿದುಹೋಗುವುದನ್ನು ಹಗಲಿನವರು ಕಾಣಲಾರರು.

ಏನು ಉಡಬೇಕು?

ಫಿಯಾರ್ಡ್‌ಲ್ಯಾಂಡಿನ ಈ ಭಾಗದಲ್ಲಿ ಬೀಳುವ ಮಳೆ ನಮ್ಮ ಆಗುಂಬೆಯನ್ನು ನೆನಪಿಸುತ್ತದೆ. ಛತ್ರಿ ಗಾಳಿಗೆ ನಿಲ್ಲದು. ಟೋಪಿಯಿರುವ ಒಳ್ಳೆಯ ಮಳೆಕೋಟು ಬೇಕು. ಜೀನ್ಸ್ ನೆನೆದರೆ ದಿನವಿಡೀ ಒಣಗದು, ಮೈ ಕೊರೆಯುತ್ತದೆ. ಒಳಗೆ ತೆಳು ಉಣ್ಣೆಯ ಅಂಗಿ ಇರಲಿ. ಕ್ಯಾಮೆರಾ ಒರೆಸಲು ಹಳೆಯ ಪಂಚೆಯ ತುಂಡೊಂದನ್ನು ಇಟ್ಟುಕೊಳ್ಳಿ. ಅದರಷ್ಟು ನೀರು ಹೀರುವ ಬಟ್ಟೆ ಬೇರೆ ಇಲ್ಲ. ಫಿಯಾರ್ಡ್ ಬಾಯಿ ತೆರೆಯುವ ಕಡೆ ತೆರೆಗಡಲಿನ ಹೊಡೆತ ಇರುತ್ತದೆ. ವಾಂತಿ ಬರುವವರು ಮಾತ್ರೆಯನ್ನು ಮೊದಲೇ ನುಂಗಿರಲಿ.

ಮಲೆನಾಡಿನಲ್ಲಿ ಇಂಬಳವಿದ್ದಂತೆ ಇಲ್ಲಿ ಸ್ಯಾಂಡ್‌ಫ್ಲೈ. ಹೆಚ್ಚುಕಡಿಮೆ ಎಳ್ಳಿನಷ್ಟಿರುವ ಕಪ್ಪು ನುಸಿ; ರಕ್ತ ಹೀರುವುದು ಹೆಣ್ಣು. ತುರಿಕೆ ದಿನಗಟ್ಟಲೆ ಬಿಡದು. ಹಡಗು ಸಾಗುತ್ತಿರುವಾಗ ಕಾಟವಿಲ್ಲ, ದಡದಲ್ಲಿ ನಿಂತಿರೋ ಮುತ್ತಿಕೊಳ್ಳುತ್ತವೆ. ಕಡುಬಣ್ಣದ ಬಟ್ಟೆ ಬೇಡ, ತೋಳು ಕಾಲು ಮುಚ್ಚಿರಲಿ, ಬಿಟ್ಟ ಜಾಗಕ್ಕೆ ಮುಲಾಮು ಹಚ್ಚಿ. ದೈವವೊಂದು ಈ ಕಣಿವೆಗಳನ್ನು ಕೆತ್ತಿದಾಗ, ಇಷ್ಟು ಚೆಲುವನ್ನು ಕಂಡ ಮನುಷ್ಯರು ಇಲ್ಲೇ ಬೀಡುಬಿಟ್ಟಾರೆಂದು ಹಿನೆ-ನುಯಿ-ಟೆ-ಪೊ ಎಂಬ ದೇವಿ ಈ ನುಸಿಗಳನ್ನು ಬಿಟ್ಟಳೆಂದು ಮಾವೊರಿ ಕಥೆ ಹೇಳುತ್ತದೆ.

ಹಡಗಿನಲ್ಲಿ ನೋಡುವ ಕ್ರಮ

ಒಳಗಿನ ಬೆಚ್ಚನೆಯ ಕುರ್ಚಿಗೆ ಮನಸೋಲಬೇಡಿ. ಗಾಜಿನ ಆಚೆಯ ಫಿಯಾರ್ಡ್ ಬರೀ ಚಿತ್ರಪಟ. ಮೇಲಿನ ಡೆಕ್‌ನ ಮುಂಭಾಗದಲ್ಲಿ ನಿಂತುಕೊಳ್ಳಿ.

ಮೊದಲು ನೀರಿನ ಬಣ್ಣ ನೋಡಿ. ತೆಳು ಚಹಾದ ಡಿಕಾಕ್ಷನ್ ಇದ್ದಂತಿರುತ್ತದೆ. ಕಾಡಿನ ಕೊಳೆತ ಎಲೆಗಳ ಸಾರವನ್ನು ಹೊತ್ತು ಇಳಿದ ಸಿಹಿನೀರು ಕಡಲಿನ ಉಪ್ಪುನೀರಿನ ಮೇಲೆ ಪದರವಾಗಿ ನಿಂತು ಬೆಳಕನ್ನು ತಡೆಯುತ್ತದೆ. ವಿದ್ಯುತ್ ಕೇಂದ್ರ ಹೊರಬಿಡುವ ನೀರೂ ಡೀಪ್ ಕೋವ್‌ಗೇ ಬಂದು ಸೇರುತ್ತದೆ. ಕೆಳಗೆ ಕತ್ತಲು ಕವಿದಿರುವುದರಿಂದ ಬೇರೆಡೆ ಬಹಳ ಆಳದಲ್ಲಷ್ಟೇ ಬದುಕುವ ಕಪ್ಪು ಹವಳ ಇಲ್ಲಿ ಮೇಲಕ್ಕೇ ಬೆಳೆದಿದೆ.

ಆಮೇಲೆ ಗೋಡೆಯಂಥ ಬೆಟ್ಟಗಳನ್ನು ನೋಡಿ. ಬಂಡೆಯ ಮೇಲೆ ಮಣ್ಣೇ ಇಲ್ಲ. ಪಾಚಿಯ ಮೇಲೆ ಜರಿಗಿಡ, ಅದರ ಮೇಲೆ ಬೀಚ್ ಮರ, ಒಂದರ ಬೇರು ಇನ್ನೊಂದರ ಬೇರನ್ನು ತಬ್ಬಿಕೊಂಡು ನಿಂತಿವೆ. ಜೋರು ಮಳೆಗೆ ಮೇಲಿನ ಮರವೊಂದು ಜಾರಿದರೆ ಸಾಲಿಗೆ ಸಾಲೇ ಕಡಲಿಗೆ ಬೀಳುತ್ತದೆ. ಉದ್ದುದ್ದ ಬೋಳು ಗೀರುಗಳು ಕಂಡರೆ ಅವು ಅಂಥ ಜಾರಿಕೆಯ ಗುರುತು.

ಡಾಲ್ಫಿನ್ ಹುಡುಕಲು ದುರ್ಬೀನು ಬೇಡ; ಬರಿಗಣ್ಣಿನಲ್ಲಿ ನೀರಿನ ಮೇಲ್ಮೈಯನ್ನು ನಿಧಾನ ಸವರುತ್ತಿರಿ. ಈ ಫಿಯಾರ್ಡ್‌ನಲ್ಲೇ ನೆಲೆಸಿದ ಬಾಟಲ್‌ನೋಸ್ ಡಾಲ್ಫಿನ್‌ಗಳು ಅರವತ್ತು–ಎಪ್ಪತ್ತರ ಆಸುಪಾಸು ಅಷ್ಟೇ. ಬೆನ್ನಿನ ರೆಕ್ಕೆಯ ಅಂಚಿನ ಹರಕುಗಳಿಂದ ಒಂದೊಂದನ್ನೂ ಗುರುತಿಸಿ ಒಟಾಗೊ ವಿಶ್ವವಿದ್ಯಾಲಯದವರು 1990ರಿಂದ ಲೆಕ್ಕ ಇಟ್ಟಿದ್ದಾರೆ. ಇಷ್ಟು ಸಣ್ಣ ಹಿಂಡಿಗೆ ದೋಣಿಗಳ ಕಿರುಕುಳ ದೊಡ್ಡ ಪೆಟ್ಟು. ಒಂದು ಹಿಂಡಿನ 300 ಮೀಟರ್ ಒಳಗೆ ಮೂರಕ್ಕಿಂತ ಹೆಚ್ಚು ದೋಣಿ ಇರಬಾರದು, ಅಡ್ಡಗಟ್ಟಬಾರದು ಎಂದು ಕಾನೂನೇ ಇದೆ. ಕ್ಯಾಪ್ಟನ್ ದೂರದಲ್ಲೇ ನಿಲ್ಲಿಸಿದರೆ ಇನ್ನೂ ಹತ್ತಿರ ಹೋಗಿ ಎಂದು ಒತ್ತಾಯಿಸಬೇಡಿ. ತಮಗೆ ಮನಸ್ಸಾದರೆ ಅವೇ ಬಂದು ಹಡಗಿನ ಮೂತಿಯ ಅಲೆಯಲ್ಲಿ ತೇಲುತ್ತವೆ.

ಫಿಯಾರ್ಡ್ ಬಾಯಿಯ ಬಳಿ ‘ನೀ’ ಎಂಬ ಹೆಸರಿನ ದ್ವೀಪಗಳ ಬಂಡೆಗಳ ಮೇಲೆ ತುಪ್ಪಳದ ಸೀಲ್‌ಗಳು ಮಲಗಿರುತ್ತವೆ. ಚರ್ಮದ ಆಸೆಗೆ ಹತ್ತೊಂಬತ್ತನೇ ಶತಮಾನದ ಬೇಟೆಗಾರರು ಇವುಗಳನ್ನು ಬಹುಮಟ್ಟಿಗೆ ಮುಗಿಸಿಯೇಬಿಟ್ಟಿದ್ದರು. ಈಗ ಮತ್ತೆ ತುಂಬಿಕೊಂಡಿವೆ. ಇಲ್ಲಿ ದುರ್ಬೀನು ತೆಗೆಯಿರಿ. ತಲೆಯೆತ್ತಿದರೆ ಆಲ್ಬಟ್ರಾಸ್ ಎಂಬ ಕಡಲಹಕ್ಕಿ ರೆಕ್ಕೆ ಬಡಿಯದೆ ತೇಲಿಹೋಗುವುದೂ ಕಂಡೀತು.

ಟವಾಕಿಯನ್ನು ನಾನು ಕಂಡದ್ದು ಜಡಿಮಳೆಯಲ್ಲಿ. ಮೊಳಕಾಲೆತ್ತರದ ಜೀವ, ಹುಬ್ಬಿನ ಮೇಲಿನ ಹಳದಿ ಗರಿ ನೆನೆದು ಕುತ್ತಿಗೆಗೆ ಅಂಟಿತ್ತು. ಅಲೆ ಬಂಡೆಗೆ ಎಸೆದಾಗ ಹೊಟ್ಟೆಯ ಮೇಲೆ ಬಿದ್ದು ಜಾರಿತು. ಎದ್ದಿತು, ಮತ್ತೆ ಜಾರಿತು. ಮೂರನೆಯ ಸಲ ಎರಡೂ ಕಾಲು ಜೋಡಿಸಿ ಕುಪ್ಪಳಿಸಿ ಬೇರುಗಳ ಕತ್ತಲೆಗೆ ನುಸುಳಿಕೊಂಡಿತು. ಮುಗಿಯುವಷ್ಟರಲ್ಲಿ ಅರ್ಧ ನಿಮಿಷವೂ ಆಗಿರಲಿಲ್ಲ. ಫೋಟೊ ತೆಗೆಯಲಾಗಲಿಲ್ಲ ಎಂಬ ಕೊರಗೇನೂ ಇಲ್ಲ.

ಅಂದು ಬಿಸಿಲಿದ್ದರೆ ಬೆಟ್ಟಗಳು ಬರೀ ಹಸಿರಾಗಿ ಉಳಿಯುತ್ತಿದ್ದವು. ಹೆಸರಿರುವ ಜಲಪಾತಗಳು ಕೆಲವೇ. ಮಳೆ ಹಿಡಿದಾಗ ಹೆಸರಿಲ್ಲದ ನೂರಾರು ಬೆಳ್ಳನೆ ಧಾರೆಗಳು ಏಕಕಾಲಕ್ಕೆ ಬಂಡೆಯಿಂದ ಧುಮುಕುತ್ತವೆ. ಮಳೆ ನಿಂತರೆ ಗಂಟೆಗಳಲ್ಲಿ ಬತ್ತಿಹೋಗುತ್ತವೆ. ಹವಾಮಾನ ವರದಿ ನೋಡಿ ಟಿಕೆಟ್ ರದ್ದು ಮಾಡುವವರು ಕಳೆದುಕೊಳ್ಳುವುದು ಇದನ್ನೇ.

ಹಾಲ್ ಆರ್ಮ್ ಎಂಬ ಕವಲಿನ ಒಳಗೆ ಹೋದಾಗ ಸಾಮಾನ್ಯವಾಗಿ ಎಂಜಿನ್ ನಿಲ್ಲಿಸುತ್ತಾರೆ. ಮಾತಾಡದಿರಿ ಎಂದು ಕೇಳಿಕೊಳ್ಳುತ್ತಾರೆ. ಮಕ್ಕಳಿಗೆ ಮೊದಲೇ ಹೇಳಿಟ್ಟಿರಿ, ಮೊಬೈಲ್ ಆರಿಸಿ, ಮಳೆಕೋಟಿನ ಸರಬರ ಸದ್ದಾಗದಂತೆ ಕೈಕಟ್ಟಿ ನಿಲ್ಲಿ. ಮೊದಲು ಟೋಪಿಯ ಅಂಚಿನ ಹನಿ ಕೇಳಿಸುತ್ತದೆ, ಆಮೇಲೆ ದೂರದ ಜಲಪಾತ, ಆಮೇಲೆ ಕಾಡಿನೊಳಗಿನ ಬೆಲ್‌ಬರ್ಡ್‌ನ ಗಂಟೆಯಂಥ ಒಂದು ಕೂಗು. ಎಂಜಿನ್ ಮತ್ತೆ ಶುರುವಾಗುವ ತನಕ ಕ್ಯಾಮೆರಾ ಚೀಲದಲ್ಲೇ ಇರಲಿ.